ಬರೀ ಹೊಟ್ಟೆಗೆ ಒಂದು ಲೋಟ ಕಾಫಿ

ನಮ್ಮ ಮನೆಗೆ ಹಾರ್ಮೋನು ಬಂದದ್ದು ಒಂದು ಮಳೆಗಾಲದಲ್ಲಿ. ಅದಕ್ಕೆ ಮೊದಲೂ ಎಲ್ಲರ ಮೈಯಲ್ಲಿ ಅದು ಇದ್ದೇ ಇದ್ದಿರಬೇಕು, ಆದರೆ ಯಾರೂ ಅದರ ಹೆಸರೆತ್ತಿದವರಲ್ಲ. ನನ್ನ ಕೂದಲು ಉದುರಿದರೆ ಮುಂಬೈ ಚೆಂಬೂರಿನ ನೀರು, ಮೈ ದಪ್ಪವಾದರೆ ಆಫೀಸಿನ ಕುರ್ಚಿ, ಸಿಟ್ಟು ಬಂದರೆ ನನ್ನ ತವರುಮನೆ, ಹೀಗೆ ಒಂದೊಂದಕ್ಕೂ ಕಾರಣವನ್ನು ನಾನು ಮದುವೆಯಾಗಿ ಬಂದ ವರ್ಷವೇ ಗೊತ್ತುಮಾಡಿ ಇಟ್ಟಿದ್ದರು.

ಆ ವರ್ಷ ಮಾತ್ರ ಎಲ್ಲವೂ ಒಟ್ಟಿಗೇ ಬಂದವು. ನನ್ನ ಆಫೀಸು ಬಾಂದ್ರಾದಲ್ಲಿ; ಚೆಂಬೂರಿನಲ್ಲಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಇಳಿದು, ಅಲ್ಲಿಂದ ಶೇರ್ ರಿಕ್ಷಾ. ಚೆಂಬೂರಿನಿಂದ ಕುರ್ಲಾ ಎಂದರೆ ಒಂದು ಸಲ ಆಕಳಿಸುವಷ್ಟು ದೂರ. ಅಷ್ಟರಲ್ಲೇ, ಅದೂ ಲೇಡೀಸ್ ಡಬ್ಬಿಯ ನೂಕುನುಗ್ಗಲಲ್ಲಿ ನಿಂತುಕೊಂಡೇ ನಿದ್ದೆಹೋಗಿ, ವಡಾಲಾದಲ್ಲಿ ಕಣ್ಣುಬಿಟ್ಟೆ. ಕುಕ್ಕರಿನ ಜಾಹೀರಾತು ನೋಡಿ ಗಳಗಳನೆ ಅತ್ತುಬಿಟ್ಟೆ. ಗಂಡ ಒದ್ದೆ ಟವೆಲನ್ನು ಮಂಚದ ಮೇಲೆ ಬಿಟ್ಟದ್ದಕ್ಕೆ ಅವರ ವಂಶವನ್ನೆಲ್ಲ ಜಾಲಾಡಿದೆ. ಆ ವಂಶದ ಹಿರಿಯರಾದ ನಮ್ಮ ಅತ್ತೆ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತ, "ಹೌದು ಕಣೇ, ಅವರಪ್ಪನೂ ಹಂಗೇ" ಎಂದರು.

ಕಾಲೊನಿಯ ಡಾಕ್ಟರು ಮರಾಠಿ ಹೆಂಗಸು, ನನಗಿಂತ ಚಿಕ್ಕವರು, ಮಾತಿನಲ್ಲಿ ಮಾತ್ರ ನನಗಿಂತ ಜೋರು. ರಕ್ತ ಪರೀಕ್ಷೆ ಮಾಡಿಸಿ, ಇದು ಥೈರಾಯ್ಡ್ ಎಂದರು. ಗಂಟಲಿನ ಹತ್ತಿರ ಇರುವ ಒಂದು ಪುಟ್ಟ ಗ್ರಂಥಿ ಕೆಲಸಕ್ಕೆ ಸರಿಯಾಗಿ ಬರುತ್ತಿಲ್ಲ, ಅದು ಮಾಡಬೇಕಾದ ಹಾರ್ಮೋನನ್ನು ಇನ್ನು ಮಾತ್ರೆ ಕೊಡುತ್ತದೆ, ಬೆಳಿಗ್ಗೆ ಎದ್ದ ಕೂಡಲೆ ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಅಷ್ಟೆ. ಅಷ್ಟೇ ತಾನೇ ಎಂದುಕೊಂಡು ಮನೆಗೆ ಬಂದೆ.

ಅತ್ತೆ ಆ ಮಾತ್ರೆಯ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ನೀನು ಮರೀತೀಯ. ನಿನಗೆ ನಿನ್ನ ಕನ್ನಡಕ ಎಲ್ಲಿದೆ ಅಂತಲೇ ಗೊತ್ತಿರಲ್ಲ. ಇದು ನನ್ನ ಜವಾಬ್ದಾರಿ." ಮಾರನೆಯ ಬೆಳಿಗ್ಗೆಯಿಂದ ನನ್ನ ಕಾಫಿ ಲೋಟದ ಪಕ್ಕ ಒಂದು ಪುಟ್ಟ ಸ್ಟೀಲ್ ಮುಚ್ಚಳ, ಅದರಲ್ಲಿ ಆ ಮಾತ್ರೆ. ಬರೀ ಹೊಟ್ಟೆ ಎಂದರೆ ಬರೀ ಹೊಟ್ಟೆ. ಒಂದು ಬಿಸ್ಕತ್ತು ಮುಟ್ಟಿದರೂ ಕೈಗೆ ಚಟ್ಟನೆ ಏಟು. ಅವರು ನೋಡುತ್ತಿರುವಾಗಲೇ ನಾನು ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಬಿಸಿ ಕಾಫಿಯಲ್ಲಿ ಇಳಿಸಬೇಕು. ಆಮೇಲೆ ಅವರು ತಮ್ಮ ಲೋಟ ಎತ್ತಿಕೊಳ್ಳುತ್ತಿದ್ದರು.

ಆ ಬೆಳಗಿನ ಅರ್ಧ ಗಂಟೆಯ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಾವ ಹೋದ ಮೇಲೆ ಅತ್ತೆ ಮೈಸೂರು ಬಿಟ್ಟು ನಮ್ಮ ಜೊತೆ ಬಂದಿದ್ದರು. ಬಿಲ್ಡಿಂಗಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಮಾತೆಲ್ಲ ಹಿಂದಿ, ಮರಾಠಿ. ಮಗ ಅಂದರೆ ನನ್ನ ಗಂಡ. ದಿನಕ್ಕೆ ನಾಲ್ಕು "ಹ್ಞೂಂ", ಹಬ್ಬದ ದಿನ ಒಂದು "ಹ್ಞೂಂಹ್ಞೂಂ". ಮೊಮ್ಮಗಳು ಕಾಲೇಜಿನವಳು, ಅಜ್ಜಿಯ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ "ಅಜ್ಜಿ, ನಾನು ಬಾದ್ ಮೇ ತಿಂತೀನಿ ನಾ" ಎಂಬ ಥರದ್ದು. ಹಾಗಾಗಿ ಅತ್ತೆ ಹೊಟ್ಟೆತುಂಬ ಕನ್ನಡ ಮಾತಾಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಅಡುಗೆಮನೆಯ ಕಿಟಕಿ, ಎರಡು ಸ್ಟೂಲು, ಎರಡು ಲೋಟ. ಎದುರು ಮನೆಯವರು ಒಣಗಲು ಹಾಕಿದ ಸೀರೆ ಯಾವ ಊರಿನದು, ಅತ್ತೆಯ ಚಿಕ್ಕಮ್ಮ ಯಾರ ಮದುವೆಯಲ್ಲಿ ಯಾರ ಚಪ್ಪಲಿ ಹಾಕಿಕೊಂಡು ಬಂದರು, ಇಂಥವೇ. ನನಗೂ ದಿನದಲ್ಲಿ ಯಾರೂ ಏನನ್ನೂ ಕೇಳದೆ ಇರುತ್ತಿದ್ದ ಹೊತ್ತು ಅದೊಂದೇ. ಮನೆಯಲ್ಲಿ ಏನು ಬೇಕಾದರೂ ಹೋಗಲಿ, ಆ ಅರ್ಧ ಗಂಟೆಗೆ ಯಾರಾದರೂ ಕೈಹಾಕಿದರೆ ನಾನು ಸುಮ್ಮನಿರುವವಳಲ್ಲ.

ಇಷ್ಟೆಲ್ಲ ಶಿಸ್ತಿನಿಂದ ಮಾತ್ರೆ ನುಂಗಿ ಮತ್ತೆ ಪರೀಕ್ಷೆ ಮಾಡಿಸಿದರೆ, ಇಳಿಯಬೇಕಾದ ಅಂಕಿ ಇಳಿದಿರಲಿಲ್ಲ. "ಖಾಲಿ ಪೇಟ್ ಲೇತೀ ಹೋ ನಾ?" ಎಂದು ಡಾಕ್ಟರು ಕೇಳಿದರು. ಬಿಲ್‌ಕುಲ್ ಖಾಲಿ ಪೇಟ್, ಬರೀ ಹೊಟ್ಟೆಯೇ ಎಂದೆ. ಮಾತ್ರೆ ದೊಡ್ಡದಾಯಿತು. ಮುಂದಿನ ಸಲವೂ ಅಂಕಿ ಇದ್ದಲ್ಲೇ ಕೂತಿತ್ತು, ಮಾತ್ರೆ ಇನ್ನೂ ದೊಡ್ಡದಾಯಿತು. ಡಾಕ್ಟರು ತಲೆ ಕೆರೆದುಕೊಂಡು, ನಿದ್ದೆ ಹೇಗಿದೆ, ಟೆನ್ಶನ್ ಇದೆಯಾ, ಊಟ ಏನು, ಒಟ್ಟಿನಲ್ಲಿ ಲೈಫ್‌ಸ್ಟೈಲ್ ನೋಡಿಕೊಳ್ಳಿ ಎಂದರು. ಈ ಮಾತನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ, ಅದು ಫೋನಿನಲ್ಲಿ ಮಲಾಡಿಗೆ ತಲುಪಿತು.

ಮಲಾಡಿನಲ್ಲಿ ನನ್ನ ನಾದಿನಿ ಇದ್ದಾಳೆ, ಅತ್ತೆಯ ಒಬ್ಬಳೇ ಮಗಳು. ಆರೋಗ್ಯದ ವಿಷಯದಲ್ಲಿ ಅವಳು ನೋಡದ ರೀಲ್ ಇಲ್ಲ. ಮುಂದಿನ ಭಾನುವಾರವೇ ದೊಡ್ಡ ಬಟ್ಟೆಚೀಲ ಹೊತ್ತು ಬಂದಳು. ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯ ಶೆಲ್ಫ್ ನೋಡಿ ಎದೆಗೆ ಕೈಯಿಟ್ಟುಕೊಂಡಳು.

"ಅತ್ತಿಗೇ! ಇಷ್ಟು ಪ್ಲಾಸ್ಟಿಕ್ಕಾ? ಬಿಸಿ ಸಾರು ಇದರಲ್ಲಿ ಹಾಕ್ತೀರಾ? ಡೈರೆಕ್ಟ್ ಹಾರ್ಮೋನಿಗೆ ಹೋಗಿ ಹೊಡೆಯತ್ತೆ ಗೊತ್ತಾ!"

ಹಿಂದೆ ನಿಂತಿದ್ದ ಅತ್ತೆಯ ಮುಖ ಬಿಳಿಚಿಕೊಂಡಿತು. ಆ ಡಬ್ಬಿಗಳೆಲ್ಲ ಅವರ ಆಸ್ತಿ. ಸಿಹಿ ಅಂಗಡಿಯದು, ಐಸ್‌ಕ್ರೀಮಿನದು, ಹೋಟೆಲಿನಿಂದ ಸಾಂಬಾರ್ ಬಂದದ್ದು, ಎಲ್ಲವನ್ನೂ ತೊಳೆದು ಒರೆಸಿ, ಮುಚ್ಚಳಕ್ಕೆ ಮುಚ್ಚಳ ಕೂಡಿಸಿ ಇಟ್ಟಿದ್ದರು. ನಾದಿನಿ ಅವನ್ನು ಎಸೆಯಲೆಂದು ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. ಅವಳು ಹೋದ ಮೇಲೆ ನೋಡಿದರೆ ಚೀಲ ಅರ್ಧ ಖಾಲಿ. ಅತ್ತೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಐಸ್‌ಕ್ರೀಮ್ ಡಬ್ಬಿಗಳು ಉಸಿರು ಬಿಗಿಹಿಡಿದು ಕೂತಿದ್ದವು. ನಾನು ನೋಡಿಯೂ ನೋಡದವಳಂತೆ ಬೀರುವಿನ ಬಾಗಿಲು ಹಾಕಿದೆ.

ಆಮೇಲೆ ಶುರುವಾಯಿತು ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎಮ್ಮೆ, ಕರು, ಕೊಟ್ಟಿಗೆ, ಎಲ್ಲಕ್ಕೂ ಬರೆ ಬಿತ್ತು. ಮಲಗುವ ಮುಂಚೆ ಫೋನಿನ ಬೆಳಕು ಹಾರ್ಮೋನಿಗೆ ಕೆಟ್ಟದ್ದು ಎಂದು ಫೋನುಗಳನ್ನೆಲ್ಲ ದೇವರ ಗೂಡಿನ ಮುಂದೆ ಇಡಬೇಕಾಯಿತು. ಗಂಡ ತಮ್ಮದನ್ನು ಇಟ್ಟ ಹಾಗೆ ಮಾಡಿ ಹೊದಿಕೆಯೊಳಗೆ ಒಯ್ದರು. ಒಳಗಿನಿಂದ ಅವರು ಗಣೇಶೋತ್ಸವದ ಪೆಂಡಾಲಿನ ಹಾಗೆ ಬೆಳಗುತ್ತಿದ್ದರು, ನಡುನಡುವೆ ಕ್ರಿಕೆಟ್ ಕಾಮೆಂಟರಿ ಬೇರೆ. ಕಿಟಕಿಗೆ ಕಪ್ಪು ಪರದೆ ಬಂತು. ಮಾರನೆಯ ದಿನ ಬೆಳಗಾದದ್ದು ನಮಗಾರಿಗೂ ಗೊತ್ತಾಗದೆ ಮಗಳು ಪರೀಕ್ಷೆಗೆ ಹಲ್ಲುಜ್ಜದೆ ಓಡಿದಳು. ಬಾಗಿಲು ಬಡಿದು ನಮ್ಮನ್ನೆಲ್ಲ ಎಬ್ಬಿಸಿದ ಅತ್ತೆ ಮಾತ್ರ, "ನನಗೆ ಪರದೆ ಬೇಡಪ್ಪ, ನನಗೆ ಹೊತ್ತು ತಿಳಿಯತ್ತೆ" ಎಂದರು. ಅದನ್ನು ಅವರ ಹಳೇ ಕಾಲದ ಜಂಬ ಎಂದುಕೊಂಡೆ.

ಎಲೆಕೋಸು ಥೈರಾಯ್ಡಿಗೆ ಆಗದು ಎಂದಳು ನಾದಿನಿ. ಅತ್ತೆಗೆ ಎಲೆಕೋಸಿನ ವಾಸನೆಯೇ ಆಗದು, ಆ ಒಂದು ದಿನ ಮಗಳನ್ನು ಬಾಯ್ತುಂಬ ಹೊಗಳಿದರು. ಪ್ಲಾಸ್ಟಿಕ್ ಬಿಟ್ಟು ಸ್ಟೀಲ್ ಡಬ್ಬಿಯಲ್ಲಿ ಹುಳಿ ಒಯ್ದೆ. ಅದರ ಮುಚ್ಚಳಕ್ಕೆ ನನ್ನಷ್ಟೇ ತಾಳ್ಮೆ. ರೈಲು ಚೆಂಬೂರು ಬಿಡುವಷ್ಟರಲ್ಲಿ ಪಕ್ಕದವಳ ಬಿಳಿ ಕುರ್ತಾದ ಮೇಲೆ ನಮ್ಮ ಮನೆಯ ನುಗ್ಗೆಕಾಯಿ ಹುಳಿ. ಅವಳ ಕೋಪ ನೋಡಿ ಉಡುಪಿ ಕಡೆಯ ನನ್ನ ಟ್ರೇನ್ ಗೆಳತಿ, "ಪಾಪ ಬಿಡಿ ಮಾರಾಯ್ರೇ, ಇವರಿಗೆ ಹಾರ್ಮೋನ್ ಪ್ರಾಬ್ಲಮ್ ಉಂಟು" ಎಂದು ಇಡೀ ಲೇಡೀಸ್ ಡಬ್ಬಿಗೆ ಕೇಳುವಂತೆ ಹೇಳಿದಳು. ಅಷ್ಟೇ ಸಾಕಾಯಿತು. ಒಬ್ಬಳು ಗೋಧಿ ಬಿಡಿ ಎಂದಳು, ಒಬ್ಬಳು ಗೋಧಿಯನ್ನೇ ತಿನ್ನಿ ಎಂದಳು, ಕುರ್ತಾದವಳೂ ಸಿಟ್ಟು ಮರೆತು ಎಡ ಮಗ್ಗುಲಲ್ಲಿ ಮಲಗಿ ಎಂದಳು. ಎಲ್ಲರಿಗೂ ಹ್ಞೂಂ ಎಂದು ಇಳಿದೆ.

ಎಲ್ಲವನ್ನೂ ಸಹಿಸಿಕೊಂಡೆ. ಆದರೆ ನಾದಿನಿ ಇನ್ನೊಂದು ಸಲ ಬಂದಾಗ, ಗಾರ್ಡನ್ನಿನಲ್ಲಿ ಬೆಳಿಗ್ಗೆ ಯೋಗ ಕ್ಲಾಸಿಗೆ ನನ್ನ ಹೆಸರು ಕೊಟ್ಟು ಬಂದಿದ್ದೇನೆ ಎಂದಳು.

"ಬೆಳಿಗ್ಗೆ ಎಷ್ಟು ಹೊತ್ತಿಗೆ?" ಎಂದೆ.

"ನೀವೂ ಅಮ್ಮನೂ ಸುಮ್ನೆ ಕೂತು ಗಪ್ಪಾ ಹೊಡೀತೀರಲ್ಲ, ಆ ಟೈಮಿಗೆ. ಅರ್ಧ ಗಂಟೆ ಅಷ್ಟೇ ಅತ್ತಿಗೆ."

"ಆ ಅರ್ಧ ಗಂಟೆ ಬಿಟ್ಟು ಬೇರೆ ಯಾವುದನ್ನಾದರೂ ಕೇಳು. ನನ್ನ ಕಿಡ್ನಿ ಕೇಳು, ಕೊಡ್ತೀನಿ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಗಂಡ ಗಾಬರಿಯಲ್ಲಿ "ಹ್ಞೂಂಹ್ಞೂಂ" ಎಂದರು. ಅತ್ತೆ ಒಳಗೆ ಹೋಗಿ ನನಗೊಂದು ಕೋಡುಬಳೆ ತಂದು ಕೈಯಲ್ಲಿಟ್ಟರು.

ಆದರೂ ಅಂಕಿ ಇಳಿಯಲಿಲ್ಲ. ಈಗ ಅತ್ತೆಗೇ ರೋಷ ಬಂತು. ಡಾಕ್ಟರಿಗೆ ಬುದ್ಧಿ ಹೇಳುತ್ತೇನೆ ಎಂದು ಕಲಾಬತ್ತಿನ ಜರಿಯಂಚಿನ ಸೀರೆ ಉಟ್ಟು, ಕೈಚೀಲ ಹಿಡಿದು ನನ್ನ ಜೊತೆ ಹೊರಟರು. ಕ್ಲಿನಿಕ್ಕಿನಲ್ಲಿ ಡಾಕ್ಟರು ಹಳೆಯ ಪ್ರಶ್ನೆಯನ್ನೇ ಕೇಳಿದರು, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತೀರಾ? ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಕುರ್ಚಿಯ ತುದಿಗೆ ಬಂದರು. ಅವರ ಹಿಂದಿಯಲ್ಲಿ ಎಲ್ಲರೂ ಗಂಡಸರೇ.

"ಹಮ್ ಖುದ್ ದೇತಾ, ಡಾಕ್ಟರ್! ಏಕ್ ದಿನ್ ಭೀ ನಹೀ ಭೂಲ್ತಾ. ಕಾಫಿ ಕೇ ಸಾಥ್, ಗರಮ್ ಗರಮ್!"

ಡಾಕ್ಟರ ಪೆನ್ನು ನಿಂತಿತು. "ಕಾಫಿ ಕೇ ಸಾಥ್?" ಕಾಫಿಯ ಜೊತೆಗಾ, ಎಂದು ನನ್ನ ಕಡೆ ತಿರುಗಿದರು. "ನೀವು ಖಾಲಿ ಪೇಟ್ ಅಂತ ಹೇಳ್ತಾ ಇದ್ರಲ್ಲ!" ಎಂಬರ್ಥದ ಹಿಂದಿಯಲ್ಲಿ ಗದರಿದರು.

"ಖಾಲಿ ಪೇಟ್ ಹೀ ತೋ ಹೈ" ಎಂದೆ ನಾನು. ಪ್ರಾಮಾಣಿಕವಾಗಿಯೇ ಹೇಳಿದ್ದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕಾಫಿ ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಏಕಾದಶಿಯ ದಿನ ಅತ್ತೆ ಕಟ್ಟುನಿಟ್ಟಾಗಿ ಉಪವಾಸ ಇರುತ್ತಾರೆ, ಅನ್ನ ಮುಟ್ಟುವುದಿಲ್ಲ, ಹಣ್ಣು ಮುಟ್ಟುವುದಿಲ್ಲ, ಕಾಫಿ ಮಾತ್ರ ಕೇಳಿದಾಗಲೆಲ್ಲ. ನನ್ನ ಮದುವೆಯ ದಿನ ಧಾರೆಯಾಗುವ ತನಕ ಏನೂ ತಿನ್ನಬಾರದು ಎಂದು ಕೂರಿಸಿದ್ದರು, ಬಾಸಿಂಗದ ಕೆಳಗಿನಿಂದಲೇ ಕಾಫಿ ಕುಡಿಸಿದ್ದರು. ಹಲ್ಲುಜ್ಜುವುದು, ಮುಖ ತೊಳೆಯುವುದು, ಕಾಫಿ ಕುಡಿಯುವುದು, ಇವಿಷ್ಟೂ ಆದ ಮೇಲೆ ಏನು ಉಳಿಯುತ್ತದೋ ಅದೇ ಬರೀ ಹೊಟ್ಟೆ.

ಡಾಕ್ಟರು ಕೈಮುಗಿದು ತಿಳಿಸಿ ಹೇಳಿದರು. ಕಾಫಿ ಹೊಟ್ಟೆಗೆ ಬಿದ್ದರೆ ಈ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನೀರಿನಲ್ಲಿ ನುಂಗಬೇಕು, ಆಮೇಲೆ ಒಂದು ಗಂಟೆ ಕಾಫಿ ಮುಟ್ಟಬಾರದು. ಅತ್ತೆ ಸುಲಭಕ್ಕೆ ಬಿಡಲಿಲ್ಲ. "ಕಾಫಿ ಖಾನಾ ನಹೀ ಹೈ!" ಎಂದು, ಕಾಫಿ ಊಟವೇ ಅಲ್ಲವೆಂದು ವಾದಿಸಿದರು. "ಏಕಾದಶೀ ಮೇ ಭೀ ಚಲ್ತಾ ಹೈ!" ಎಂದು ಆಧಾರ ಕೊಟ್ಟರು. ಡಾಕ್ಟರು ನಗು ತಡೆದುಕೊಂಡು, "ಆಜೀ, ಏಕಾದಶಿಗೆ ನಡೆಯುತ್ತೆ, ಥೈರಾಯ್ಡಿಗೆ ನಡೆಯಲ್ಲ" ಎಂಬ ಅರ್ಥ ಬರುವಂತೆ ಮರಾಠಿಯಲ್ಲಿ ಹೇಳಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಕಥೆ. ನಾನಂತೂ ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನುಗ್ಗೆಕಾಯಿ ಹುಳಿ, ಕಪ್ಪು ಪರದೆ, ಪೆಂಡಾಲಿನಂಥ ಗಂಡ, ಎಲ್ಲ ನೆನಪಾಗಿ ನಗು ನಿಲ್ಲಲೇ ಇಲ್ಲ.

ಅತ್ತೆ ನಗಲಿಲ್ಲ. ರಿಕ್ಷಾದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕೂತಿದ್ದರು. ಬಿಲ್ಡಿಂಗಿನ ಗೇಟು ಬರುವಾಗ, "ನನ್ನ ಕೈಯಾರೆ ಕೆಡಿಸಿದ್ನಲ್ಲೇ ನಿನ್ನ" ಎಂದರು. ಅಯ್ಯೋ ಬಿಡಿ ಅತ್ತೆ, ನಂಗೂ ಗೊತ್ತಿರಲಿಲ್ಲ ಎಂದೆ. ಅವರು ತಲೆಯಾಡಿಸಿದರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಫಿಲ್ಟರು ಬೋರಲಾಗಿತ್ತು. ಮುಚ್ಚಳದಲ್ಲಿ ಮಾತ್ರೆ, ಪಕ್ಕದಲ್ಲಿ ನೀರು. "ನುಂಗು. ಕಾಫಿ ಆಮೇಲೆ ಮಾಡ್ತೀನಿ" ಎಂದು ದೇವರ ಮುಂದೆ ಹೋಗಿ ಕೂತರು. ಆಮೇಲೆ ಎಂದರೆ ಯಾವಾಗ? ಆ ಒಂದು ಗಂಟೆಯಲ್ಲಿ ನನ್ನ ಸ್ನಾನ, ತಿಂಡಿ, ಡಬ್ಬಿ, ಮಗಳ ಜೊತೆ ಜಗಳ, ಎಲ್ಲ ಆಗಬೇಕು. ಕಾಫಿ ಬರುವಾಗ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಾಗಿತ್ತು. ನಿಂತೇ ಗಂಟಲಿಗೆ ಸುರಿದುಕೊಂಡು, ನಾಲಿಗೆ ಸುಟ್ಟುಕೊಂಡು ಸ್ಟೇಷನ್ನಿಗೆ ಓಡಿದೆ. ದಿನವೂ ಇದೇ ಪಾಡಾಯಿತು. ಸ್ಟೂಲುಗಳ ಮೇಲೆ ಈರುಳ್ಳಿ ಬುಟ್ಟಿ, ಹಳೇ ಪೇಪರು ಬಂದು ಕೂತವು. ಎದುರು ಮನೆಯ ಸೀರೆ ಯಾವ ಊರಿನದೋ ಯಾರಿಗೂ ಬೇಕಿರಲಿಲ್ಲ. ಅತ್ತೆಯ ಮಾತು ಮಗನಷ್ಟಕ್ಕೇ ಇಳಿಯಿತು, "ಹ್ಞೂಂ". ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಇಷ್ಟು ದಿನ ಯಾರಿಗೂ ಬಿಟ್ಟುಕೊಡದೆ ಕಾದದ್ದನ್ನು ಆ ಒಂದು ಪುಟ್ಟ ಮಾತ್ರೆ ಕಸಿದುಕೊಂಡಿತಲ್ಲ ಎಂದು.

ಬೇಗ ಏಳೋಣ ಎಂದು ಅಲಾರಂ ಇಟ್ಟೆ. ಥೈರಾಯ್ಡ್ ಹೆಂಗಸಿನ ನಿದ್ದೆ ಕಲ್ಲುಗುಂಡು. ಗಂಡ ಎದ್ದರು, ಮಗಳು ಎದ್ದಳು, ಮೇಲಿನ ಮನೆಯವರು ಬಂದು ಬೆಲ್ ಒತ್ತಿದರು, ನಾನು ಏಳಲಿಲ್ಲ. ನಾದಿನಿ ಫೋನ್ ಮಾಡಿ, ಕಾಫಿಯನ್ನೇ ಬಿಟ್ಟು ಕೊತ್ತಂಬರಿ ಬೀಜದ ನೀರು ಕುಡಿಯಲಿ, ಅಮ್ಮ ಬೇಕಾದರೆ ನಾಲ್ಕು ದಿನ ಮಲಾಡಿಗೆ ಬರಲಿ ಎಂದಳು. "ನಿನ್ನ ಕೊತ್ತಂಬರಿ ನೀರನ್ನ ನೀನೇ ಕುಡಿ!" ಎಂದು ಅತ್ತೆ ಫೋನನ್ನೇ ಕುಕ್ಕಿದರು. ಮಗಳ ಮೇಲೆ ಅವರು ರೇಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಸಂಜೆ ನೋಡಿದರೆ ಅವರ ಸೀರೆಗಳು ಮಂಚದ ಮೇಲೆ ಬಂದಿದ್ದವು. ಹೋಗಬೇಡಿ ಎಂದು ನೇರವಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಯಾರೋ ನನ್ನ ದವಡೆ ಹಿಡಿದು ಬಾಯಿ ಬಿಡಿಸುತ್ತಿದ್ದಾರೆ. ಒಂದು ಬೆರಳು ಬಾಯೊಳಗೆ ಬಂತು. ನಾನೇನು ಯೋಚನೆ ಮಾಡಲಿ, ಕಚ್ಚಿಬಿಟ್ಟೆ.

"ಅಯ್ಯಯ್ಯಪ್ಪಾ! ಬಿಡೇ, ಬಿಡೇ ಮಾರಿ!"

"ಕಳ್ಳ! ಕಳ್ಳ!" ಎಂದು ಗಂಡ ಎದ್ದು ಕಪ್ಪು ಪರದೆಯೊಳಗೆ ಸಿಕ್ಕಿಕೊಂಡು ಕಡ್ಡಿಸಮೇತ ಕೆಳಗೆ ಬಿದ್ದರು. ಲೈಟು ಹಾಕಿದರೆ ಅತ್ತೆ ಒಂದು ಕೈಯ ಬೆರಳು ಊದಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಾರೆ. ಮಾತ್ರೆ ನನ್ನ ದಿಂಬಿನ ಮೇಲಿತ್ತು.

"ಈಗ ನುಂಗಿ ಮಲಗಿಕೋ. ಕಾಫಿ ಹೊತ್ತಿಗೆ ಸರಿಯಾಗಿ ಒಂದು ಗಂಟೆ ಆಗಿರತ್ತೆ" ಎಂದರು ಅತ್ತೆ.

ನುಂಗಿ ಮಲಗಿದೆ. ಮತ್ತೆ ಎದ್ದು ಅಡುಗೆಮನೆಗೆ ಹೋದಾಗ ಸ್ಟೂಲಿನ ಮೇಲಿದ್ದ ಈರುಳ್ಳಿ ಬುಟ್ಟಿ ಕೆಳಗಿಳಿದಿತ್ತು, ಡಿಕಾಕ್ಷನ್ನಿನ ವಾಸನೆ ಬರುತ್ತಿತ್ತು. ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಅತ್ತೆ ಹಾಲು ನೊರೆ ಬರಿಸುತ್ತಿದ್ದರು. "ನಾಯಿ ಕಚ್ಚಿದ್ರೆ ಇಂಜೆಕ್ಷನ್ ಇದೆ, ಸೊಸೆ ಕಚ್ಚಿದ್ರೆ ಏನಿದ್ಯೇ?" ಎಂದರು. ಇಬ್ಬರೂ ಕಾಫಿ ಚೆಲ್ಲುವಷ್ಟು ನಕ್ಕೆವು. ಸೀರೆಗಳು ಬೀರುವಿಗೆ ವಾಪಸಾದವು.

ಅಲ್ಲಿಂದ ಅದೇ ಪದ್ಧತಿಯಾಯಿತು. ಜಾವದಲ್ಲಿ ಹೆಗಲು ತಟ್ಟುತ್ತಾರೆ, ಬಾಯಿಗೆ ಬೆರಳು ಹಾಕುವ ಧೈರ್ಯ ಮತ್ತೆ ಮಾಡಿಲ್ಲ. ನಾನು ಅರೆಗಣ್ಣಲ್ಲಿ ಎದ್ದು ನುಂಗಿ ಮಲಗುತ್ತೇನೆ. ಅಂಕಿ ಇಳಿಯಿತು, ಮಾತ್ರೆಯನ್ನು ಡಾಕ್ಟರು ಮತ್ತೆ ಚಿಕ್ಕದು ಮಾಡಿದರು, ನಾನು ಕುರ್ಲಾದಲ್ಲೇ ಇಳಿಯತೊಡಗಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಅದು ಹಾರ್ಮೋನಿನದಲ್ಲ, ನನ್ನದೇ ಎಂದು ಮನೆಯವರಿಗೆ ಖಾತ್ರಿಯಾಯಿತು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದೆ, "ಅಷ್ಟು ಹೊತ್ತಿಗೆ ಹೇಗೆ ಏಳ್ತೀರಿ ಅತ್ತೆ? ಅಲಾರಂ ಸದ್ದೇ ಕೇಳಲ್ಲವಲ್ಲ."

"ಅಲಾರಂ ಯಾಕೆ? ಎದ್ದೇ ಇರ್ತೀನಲ್ಲ" ಎಂದರು. "ನಿಮ್ಮ ಮಾವ ಹೋದಾಗಿನಿಂದ ನಿದ್ದೆ ಎಲ್ಲಿ ಬರತ್ತೆ? ಸುಮ್ನೆ ಫ್ಯಾನ್ ನೋಡ್ಕೊಂಡು ಬಿದ್ದಿರ್ತಿದ್ದೆ. ಈಗ ನಿನಗೆ ಮಾತ್ರೆ ಕೊಡೋದು ಅಂತ ಒಂದು ಕೆಲಸ ಸಿಕ್ತು, ಹೊತ್ತು ಹೋಗತ್ತೆ."

ಎದುರು ಮನೆಯ ಸೀರೆಯ ಮೇಲೆ ಮಾತು ಹೊರಳಿಸಿದರು. ನಾನು ಲೋಟ ಕೆಳಗಿಟ್ಟೆ. ಒಂದು ವರ್ಷವಿಡೀ ನಮ್ಮ ಮನೆಯಲ್ಲಿ ಪರದೆ ಕಟ್ಟಿದ್ದು, ಫೋನು ಕಸಿದದ್ದು, ಇಡೀ ಲೇಡೀಸ್ ಡಬ್ಬಿ ಸಲಹೆ ಕೊಟ್ಟದ್ದು, ಎಲ್ಲ ನನ್ನ ನಿದ್ದೆಗೆ. ಗೋಡೆಯ ಆಚೆ ಇವರು ಕಣ್ಣುಬಿಟ್ಟುಕೊಂಡು ಮಲಗಿದ್ದರು, ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ತುಂಬ ದುಃಖವಾಯಿತು.

ಆ ಶನಿವಾರ ಕ್ಲಿನಿಕ್ಕಿಗೆ ಫೋನ್ ಮಾಡಿ ಇಬ್ಬರಿಗೂ ನಂಬರ್ ತೆಗೆದುಕೊಂಡೆ. ಗೇಟಿನ ಮುಂದೆ ರಿಕ್ಷಾ ನಿಂತಾಗ ಅತ್ತೆ ಹತ್ತಲೇ ಒಪ್ಪಲಿಲ್ಲ.

"ನನಗ್ಯಾಕೇ ಡಾಕ್ಟ್ರು? ಈ ವಯಸ್ಸಲ್ಲಿ ನನಗೇನು ಹಾರ್ಮೋನು ಇರತ್ತೇನೇ?"

"ಇದ್ದೇ ಇರತ್ತೆ, ಬನ್ನಿ" ಎಂದು ಕೈಹಿಡಿದು ಹತ್ತಿಸಿಕೊಂಡೆ.